ತಿಂಗಳ ಮರಿ ಮತ್ತು ಎರಡು ಮೊಳದ ಸರಪಳಿ: ಪಶುಸಂಗೋಪನಾ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಪಶುಸಂಗೋಪನಾ ಸಚಿವರಿಗೆ,

ಗದಗ ಜಿಲ್ಲೆ ಲಕ್ಷ್ಮೇಶ್ವರ ತಾಲ್ಲೂಕಿನ ಶಿಗ್ಲಿಯಿಂದ ಬರೆಯುತ್ತಿದ್ದೇನೆ.

ನಾಯಿಯ ವಿಷಯದಲ್ಲಿ ತಮಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಬೀದಿನಾಯಿಗಳನ್ನು ಹಿಡಿಸಿ ಎನ್ನುವವೇ ಇರಬೇಕು. ನಾನು ಬರೆಯುತ್ತಿರುವುದು ನಾಯಿ ಹುಟ್ಟಿಸಿ ಮಾರುವವರ ಬಗ್ಗೆ, ಕೊಂಡು ಕಟ್ಟಿಹಾಕುವವರ ಬಗ್ಗೆ ಮತ್ತು ಇವರಿಬ್ಬರನ್ನೂ ಕೇಳಬೇಕಾದ ತಮ್ಮ ಇಲಾಖೆಯ ಬಗ್ಗೆ.

ನಮ್ಮದು ನೇಕಾರರ ಊರು. ಸುತ್ತ ಶೇಂಗಾ, ಮೆಣಸಿನಕಾಯಿ, ಹತ್ತಿ ಬೆಳೆಯುವ ಹೊಲಗಳು. ಸುಗ್ಗಿ ಮುಗಿದ ಹೊಲಗಳಲ್ಲಿ ಕುರಿ ತರುಬುವ ಕುರಿಗಾರರು. ನಾಯಿ ಇಲ್ಲಿ ಯಾರಿಗೂ ಹೊಸದಲ್ಲ. ಹೊಸದು ಯಾವುದೆಂದರೆ, ಜಾತಿ ನಾಯಿಯ ಶೋಕಿ. ಅದರಲ್ಲೂ ಮುಧೋಳದ ನಾಯಿ. ಹುಡುಗರ ಮೊಬೈಲ್ ಸ್ಟೇಟಸ್ಸಿನಲ್ಲಿ ಮರಿಗಳ ಫೋಟೊ ಬರುತ್ತವೆ, ಬೆಲೆ ಕುದುರುತ್ತದೆ, ಮರಿ ಬೈಕಿನ ಮೇಲೆ ಚೀಲದಲ್ಲಿ ಬಂದಿಳಿಯುತ್ತದೆ. ಮಾರುವವನ ಮಾತು ಎಲ್ಲ ಕಡೆಯೂ ಒಂದೇ: "ತಿಂಗಳದ್ದೈತ್ರಿ. ಈಗ ಒಯ್ದ್ರ ನಿಮಗ ರೂಢಿ ಆಕ್ಕೈತಿ. ದೊಡ್ಡದಾದ ಮ್ಯಾಲೆ ಒಯ್ದ್ರ ನಿಮ್ಮ ಮಾತು ಕೇಳೂದಿಲ್ಲ ನೋಡ್ರಿ."

ಈ ಮಾತು ಪೂರ್ತಿ ಸುಳ್ಳು. ಕಾನೂನಿಗೂ ವಿರುದ್ಧ.

2017ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ನಾಯಿ ತಳಿ ಅಭಿವೃದ್ಧಿ ಮತ್ತು ಮಾರಾಟದ ನಿಯಮಗಳನ್ನು ಹೊರಡಿಸಿತು. ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಹೆಣ್ಣು ನಾಯಿಗೆ ಹದಿನೆಂಟು ತಿಂಗಳಾಗುವವರೆಗೆ ಗಂಡು ಕೂಡಿಸುವಂತಿಲ್ಲ. ವರ್ಷಕ್ಕೆ ಒಂದೇ ಸಲ ಮರಿ ಹಾಕಿಸಬೇಕು, ಜೀವಮಾನದಲ್ಲಿ ಐದು ಸಲ ದಾಟಬಾರದು, ಎಂಟು ವರ್ಷದ ಮೇಲೆ ಹಾಕಿಸಲೇಬಾರದು. ಮರಿ ಮಾರಲು ತಳಿ ಬೆಳೆಸುವವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಆ ಮಂಡಳಿ ಇರುವುದು ಬೆಂಗಳೂರಿನಲ್ಲಿ. ನಮ್ಮ ಭಾಗದಲ್ಲಿ ಮರಿ ಮಾರುವವರನ್ನು ಕೇಳಿ ನೋಡಿದೆ. ಹೀಗೊಂದು ನಿಯಮ ಇದೆ ಎಂದು ತಿಳಿದವರು ಒಬ್ಬರೂ ಸಿಗಲಿಲ್ಲ. ಅವರೇನು ಕೆಟ್ಟವರಲ್ಲ, ಸ್ವಾಮಿ. ಆಡು ಸಾಕಿದಂತೆ ನಾಯಿಯನ್ನೂ ಸಾಕಿ ನಾಲ್ಕು ಕಾಸು ನೋಡುವವರು. ನಿಯಮ ಅವರ ತನಕ ನಡೆದು ಬಂದೇ ಇಲ್ಲ.

ಎಂಟು ವಾರ ಎನ್ನುವುದು ಅಧಿಕಾರಿಗಳು ಮನಸ್ಸಿಗೆ ಬಂದಂತೆ ಬರೆದ ಅಂಕಿಯಲ್ಲ. ಅಮೆರಿಕದ ಸ್ಕಾಟ್ ಮತ್ತು ಫುಲ್ಲರ್ ಎಂಬ ವಿಜ್ಞಾನಿಗಳು ವರ್ಷಗಟ್ಟಲೆ ನಾಯಿಮರಿಗಳನ್ನು ಗಮನಿಸಿ 1965ರಲ್ಲಿ ಪುಸ್ತಕ ಬರೆದರು. ಮೂರನೆಯ ವಾರದಿಂದ ಸುಮಾರು ಹನ್ನೆರಡು ಹದಿನಾಲ್ಕನೆಯ ವಾರದವರೆಗೆ ಮರಿ ಯಾರನ್ನು, ಏನನ್ನು ಕಾಣುತ್ತದೋ ಅದೆಲ್ಲ ತನ್ನ ಲೋಕ ಎಂದು ತಿಳಿಯುತ್ತದೆ. ಆಗ ಕಾಣದೇ ಇದ್ದುದಕ್ಕೆ ಮುಂದೆ ಅಂಜುತ್ತದೆ. ಈ ಅವಧಿಯ ಮೊದಲರ್ಧವನ್ನು ಮರಿ ತಾಯಿ ಮತ್ತು ಒಡಹುಟ್ಟಿದವರ ಜೊತೆ ಕಳೆಯಬೇಕು. ಆಟದಲ್ಲಿ ಜೋರಾಗಿ ಕಚ್ಚಿದರೆ ಇನ್ನೊಂದು ಮರಿ ಕಿರುಚಿ ಆಟ ಬಿಟ್ಟು ಹೋಗುತ್ತದೆ, ತಾಯಿ ಗುರ್ರೆಂದು ಮೂತಿಯಿಂದ ಒತ್ತಿ ಕೆಡವುತ್ತದೆ. ಹಲ್ಲು ಎಷ್ಟು ಊರಬೇಕು ಎಂಬ ಲೆಕ್ಕ ಅಲ್ಲಿಯೇ ಕಲಿಯುವುದು. ತಿಂಗಳಿಗೇ ಬೇರ್ಪಟ್ಟ ಮರಿಗೆ ಈ ಪಾಠ ತಪ್ಪುತ್ತದೆ. ಎಂಟು ತಿಂಗಳಿಗೆ ಅದು ಮನೆಯ ಕೂಸಿನ ಕೈ ಹಿಡಿದಾಗ "ಜಾತಿನ ಹಂಗೈತಿ" ಎನ್ನುತ್ತಾರೆ.

ನಮ್ಮ ಕುರಿಗಾರರಿಗೆ ಸ್ಕಾಟ್ ಗೊತ್ತಿಲ್ಲ, ಫುಲ್ಲರ್ ಗೊತ್ತಿಲ್ಲ. ಆದರೆ ಅವರ ಜವಾರಿ ನಾಯಿ ಹಟ್ಟಿಯಲ್ಲೇ ಹುಟ್ಟುತ್ತದೆ, ಕುರಿಮರಿಗಳ ನಡುವೆ ಬೆಳೆಯುತ್ತದೆ, ತಾಯಿ ಮೊಲೆ ಬಿಡಿಸುವ ತನಕ ಯಾರೂ ಅದನ್ನು ಎತ್ತಿಕೊಂಡು ಹೋಗುವುದಿಲ್ಲ. ಹೊಲದಲ್ಲಿ ಬಲೆ ಕಟ್ಟಿ ಕುರಿ ನಿಲ್ಲಿಸಿದಾಗ ಗಮನಿಸಿ ನೋಡಿದ್ದೇನೆ. ಸಂಜೆ ಹೊಸ ಮನುಷ್ಯ ಹತ್ತಿರ ಬಂದರೆ ನಾಯಿ ಎದ್ದು ನಿಲ್ಲುತ್ತದೆ, ಎರಡು ಸಲ ಬೊಗಳಿ ಕುರಿಗಾರನ ಮುಖ ನೋಡುತ್ತದೆ. ಅವನು "ಹೇಯ್, ಸುಮ್ಕಿರು" ಅಂದರೆ ಬಾಲ ಇಳಿಸಿ ಬಲೆಯ ಆಚೆ ಬದಿಗೆ ಹೋಗಿ ಮಲಗುತ್ತದೆ. ಕುರಿಗಾರ ಹೊಡೆಯುವುದಿಲ್ಲ, ಬಯ್ಯುವುದಿಲ್ಲ, ತಾನು ಉಣ್ಣುವ ರೊಟ್ಟಿಯಲ್ಲಿ ಮುರಿದು ಒಂದು ತುತ್ತು ಹಾಕುತ್ತಾನೆ. ಅಷ್ಟೇ ತರಬೇತಿ. ಕಪ್ಪತಗುಡ್ಡದ ಸೀಮೆಯಲ್ಲಿ ತೋಳದ ಭಯ ಇಂದಿಗೂ ಇದೆ. ಆ ಗುಡ್ಡ 2019ರಿಂದ ವನ್ಯಜೀವಿಧಾಮ. ತೋಳಕ್ಕೆ ಎದುರು ನಿಲ್ಲುವ ಈ ನಾಯಿಗೆ ಬೆಲೆಯಿಲ್ಲ, ಪ್ರಮಾಣಪತ್ರವಿಲ್ಲ, ಲಸಿಕೆಯಂತೂ ಇಲ್ಲವೇ ಇಲ್ಲ.

ಮುಧೋಳದ ನಾಯಿಯ ಮೇಲೆ ನನಗೆ ಅಸೂಯೆಯಿಲ್ಲ. ಅದು ನಮ್ಮ ಹೆಮ್ಮೆ. ಮುಧೋಳ ಸಂಸ್ಥಾನದ ಮಾಲೋಜಿರಾವ್ ಘೋರ್ಪಡೆಯವರು ಬೇಡರ ಬಳಿ ಇದ್ದ ಬೇಟೆ ನಾಯಿಗಳನ್ನು ಗಮನಿಸಿ ತಳಿಯನ್ನು ಉಳಿಸಿ ಬೆಳೆಸಿದರು, ಇಂಗ್ಲೆಂಡಿನ ಐದನೇ ಜಾರ್ಜ್ ದೊರೆಗೆ ಒಂದು ಜೋಡಿ ಕೊಟ್ಟರು. 2005ರಲ್ಲಿ ಅಂಚೆ ಇಲಾಖೆ ಅದರ ಚೀಟಿ ತಂದಿತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ತರಬೇತಿ ಕೇಂದ್ರಕ್ಕೆ ಹೋದವು. 2020ರ ಆಗಸ್ಟಿನಲ್ಲಿ ಪ್ರಧಾನಿಯವರು ಮನ್ ಕೀ ಬಾತ್‌ನಲ್ಲಿ ಹೆಸರು ಹಿಡಿದು ಹೇಳಿದರು. ಕರ್ನಾಲದ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಸಂಸ್ಥೆ ಅದನ್ನು ತಳಿಯೆಂದು ನೋಂದಾಯಿಸಿತು. ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ್ದೇ ಶ್ವಾನ ಸಂಶೋಧನಾ ಕೇಂದ್ರವಿದೆ.

ಹೊಗಳಿಕೆಯ ಬೆನ್ನಿಗೆ ಬೆಲೆ ಬಂತು, ಬೆಲೆಯ ಬೆನ್ನಿಗೆ ಆತುರ ಬಂತು. ಈಗ ಕಾಲು ಸಣ್ಣಗಿದ್ದು ಮೂತಿ ಉದ್ದವಿದ್ದರೆ ಸಾಕು, ಮುಧೋಳ. ಜಾತ್ರೆಯ ನಾಯಿ ಓಟದಲ್ಲಿ ಗೆದ್ದ ಗಂಡೊಂದು ಇದ್ದರೆ ಸುತ್ತ ಹತ್ತೂರಿನ ಹೆಣ್ಣು ನಾಯಿಗಳೆಲ್ಲ ಅದರ ಬಾಗಿಲಿಗೇ. ಎರಡು ಮೂರು ವರ್ಷ ಕಳೆದರೆ ಅದರ ಮಗಳಿಗೂ ಅದೇ ಗಂಡು. ರಕ್ತಸಂಬಂಧದಲ್ಲಿ ಹೀಗೆ ಮರಿ ಹಾಕಿಸುತ್ತ ಹೋದರೆ ಮರಿ ಕಡಿಮೆಯಾಗುತ್ತವೆ, ಬದುಕುವವೂ ಕಡಿಮೆ, ಅಡಗಿದ್ದ ರೋಗಗಳು ಮೇಲೆ ಬರುತ್ತವೆ. ಸಂಬಂಧ ಬೆಳೆಸುವಾಗ ಬಳ್ಳಿ-ಬೆಡಗು ಕೇಳುವ ಜನ ನಾವು. ನಾಯಿಗೆ ಮಾತ್ರ ಅಪ್ಪ ಯಾರೆಂದು ಬರೆದಿಡುವ ಒಂದು ವಹಿಯೂ ಇಲ್ಲ.

ಕೊಂಡವನಿಗೆ ತಾನೇನು ತಂದೆ ಎಂಬುದೂ ತಿಳಿಯದು. ಮುಧೋಳ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನಾದರೂ ಓಡಿತೆಂದರೆ ಬೆನ್ನಟ್ಟುವುದು ಅದರ ರಕ್ತದಲ್ಲಿದೆ. ಅದಕ್ಕೆ ಬೆಳಗ್ಗೆ ಒಂದು ಓಟ, ಸಂಜೆ ಒಂದು ಓಟ ಬೇಕೇ ಬೇಕು. ನಮ್ಮಲ್ಲಿ ಅದನ್ನು ಮನೆ ಕಾಯಲು ಬೇವಿನ ಮರಕ್ಕೆ ಎರಡು ಮೊಳದ ಸರಪಳಿಯಲ್ಲಿ ಬಿಗಿಯುತ್ತಾರೆ. ಅಂಥ ಒಂದು ನಾಯಿ ನಮ್ಮ ಓಣಿಯಲ್ಲೇ ಇತ್ತು. ಬೈಕು ಹೋದಾಗಲೆಲ್ಲ ಸರಪಳಿ ತುದಿ ಮುಟ್ಟುವಂತೆ ಜಿಗಿಯುತ್ತಿತ್ತು. ಕೊರಳಪಟ್ಟಿ ಹಿಂದಕ್ಕೆ ಎಳೆಯುತ್ತಿತ್ತು. ಕೆಮ್ಮಿ ಮತ್ತೆ ಜಿಗಿಯುತ್ತಿತ್ತು. ಕೊರಳ ಸುತ್ತ ಕೂದಲು ಉದುರಿ ಚರ್ಮ ಕೆಂಪಗಾಗಿತ್ತು, ಮರದ ಬುಡದಲ್ಲಿ ಅದು ತಿರುಗಿದ ಜಾಗ ಮಾತ್ರ ಗುಂಡಗೆ ಸವೆದಿತ್ತು. ಅದರ ಪಾಲಿಗೆ ಬೈಕೆಂದರೆ ಕೊರಳ ನೋವು. ಒಂದು ದಿನ ಕೊಂಡಿ ಕಳಚಿದರೆ ಅದು ಯಾರ ಹಿಂದೆ ಓಡೀತು ಎಂದು ಹೇಳಲು ಪಂಚಾಂಗ ಬೇಕಿಲ್ಲ.

ಇದರ ಮೇಲೆ ಜಾಣರ ಸಲಹೆಗಳು ಬೇರೆ. ಸಿಟ್ಟು ಬರಲೆಂದು ಮೆಣಸಿನಕಾಯಿ ತಿನ್ನಿಸುವುದು, ಚುರುಕಾಗಲೆಂದು ಮರಿಯ ಕಿವಿ ಕತ್ತರಿಸುವುದು, ಮನೆಯೊಳಗೆ ಉಚ್ಚೆ ಹೊಯ್ದರೆ ಮೂತಿಯನ್ನು ಅದರಲ್ಲೇ ತಿಕ್ಕುವುದು. ಬ್ಯಾಡಗಿ ಮೆಣಸಿನಕಾಯಿಯಿಂದ ನಾಯಿಗೆ ಬರುವುದು ಹೊಟ್ಟೆಯುರಿ, ಶೌರ್ಯವಲ್ಲ. ಕಿವಿ ಕತ್ತರಿಸಿಕೊಂಡ ನಾಯಿ ತನ್ನ ಅಂಜಿಕೆಯನ್ನು ಕಿವಿ ಹಿಂದಕ್ಕೆ ಮಡಚಿ ತೋರಿಸಲಾರದು. ಎದುರಿಗಿದ್ದವನಿಗೆ ಮುನ್ಸೂಚನೆ ಸಿಗದೆ ನೇರ ಕಡಿತವೇ ಸಿಗುತ್ತದೆ. ಬಾಲ ಅಲ್ಲಾಡಿಸಿದರೆ ಪ್ರೀತಿ ಎಂದು ನಮ್ಮ ಮಕ್ಕಳು ನಂಬಿದ್ದಾರೆ. ಮೈ ಸೆಟೆದು, ಬಾಯಿ ಮುಚ್ಚಿ, ಕಣ್ಣಿನ ಬಿಳಿ ಕಾಣುವಂತೆ ಓರೆನೋಟ ಬೀರುತ್ತ ಬಾಲವನ್ನು ಮೇಲೆತ್ತಿ ಅಲ್ಲಾಡಿಸುವ ನಾಯಿಯಿಂದ ದೂರವಿರಬೇಕು, ಅದು ಬೆನ್ನಟ್ಟಿದರೆ ಓಡದೆ ಕೈ ಕಟ್ಟಿ ನಿಲ್ಲಬೇಕು ಎಂದು ಯಾವ ಶಾಲೆಯಲ್ಲಿ ಹೇಳಿಕೊಡುತ್ತಾರೆ?

ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟುವುದು, ಅಂಗ ಕತ್ತರಿಸುವುದು ಎರಡೂ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಗದಗಿನ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರು ಕೂತು ಗಿರಮಿಟ್ಟು ಮಿರ್ಚಿ ತಿಂದರೆ ಇದಕ್ಕಿಂತ ಹೆಚ್ಚಾಗುತ್ತದೆ.

ಸಾಕಲಾರದ ನಾಯಿಯ ಕೊನೆ ಎರಡೇ. ಒಂದು, ಹಬ್ಬದ ಹೊತ್ತಿಗೆ ಮೊಲದ ಬೇಟೆಗೆ ಕರೆದೊಯ್ಯುವ ಗುಂಪಿನ ಪಾಲಾಗುವುದು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಮೊಲದ ಬೇಟೆಯೂ ಅಪರಾಧ ಎನ್ನುವುದು ಎಷ್ಟೋ ಜನಕ್ಕೆ ತಿಳಿಯದು. ಇನ್ನೊಂದು, ಬೈಕಿನಲ್ಲಿ ಬಂದಂತೆಯೇ ಬೈಕಿನಲ್ಲಿ ಹೋಗಿ ಯಾವುದೋ ಡಾಬಾದ ಹತ್ತಿರ ಇಳಿಯುವುದು. ಅಲ್ಲಿಂದ ಮುಂದೆ ಅದರ ಹೆಸರು ಬೀದಿನಾಯಿ. ಅದರ ಮರಿಗಳು ಪಂಚಾಯಿತಿಯ ಸಮಸ್ಯೆ.

2024ರ ಮಾರ್ಚಿನಲ್ಲಿ ಕೇಂದ್ರವು ಇಪ್ಪತ್ಮೂರು ತಳಿಗಳನ್ನು ಉಗ್ರ ಎಂದು ಹೆಸರಿಸಿ ನಿಷೇಧದ ಸುತ್ತೋಲೆ ಹೊರಡಿಸಿತು. ಏಪ್ರಿಲ್ 10ರಂದು ನಮ್ಮ ಹೈಕೋರ್ಟೇ ಅದನ್ನು ರದ್ದುಮಾಡಿತು. ಸರಿಯಾದದ್ದೇ ಆಯಿತೆಂದು ನನ್ನ ಅಭಿಪ್ರಾಯ. ತಳಿಯ ಗುಣ ಇರುತ್ತದೆ, ಇಲ್ಲವೆನ್ನುವುದಿಲ್ಲ. ಆದರೆ ತಿಂಗಳಿಗೆ ತಾಯಿಯಿಂದ ಕಿತ್ತು, ಎರಡು ಮೊಳದಲ್ಲಿ ಕಟ್ಟಿ, ಖಾರ ತಿನ್ನಿಸಿದರೆ ಪೊಮೇರಿಯನ್ನೂ ಕಡಿಯುತ್ತದೆ. ಆಮೇಲೆ 2025ರಲ್ಲಿ ಬೀದಿನಾಯಿಗಳ ಬಗ್ಗೆ ಸುಪ್ರೀಂ ಕೋರ್ಟಿನ ಆದೇಶಗಳು ಬಂದವು. ಆಗಸ್ಟ್ 22ರಂದು, ಸಂತಾನಹರಣ ಮಾಡಿ ಲಸಿಕೆ ಹಾಕಿ ಹಿಡಿದ ಜಾಗಕ್ಕೇ ಬಿಡಿ, ಹುಚ್ಚು ಹಿಡಿದವನ್ನೂ ಆಕ್ರಮಣಕಾರಿಗಳನ್ನೂ ಬಿಡಬೇಡಿ ಎಂದಿತು. ನವೆಂಬರ್ 7ರಂದು, ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣಗಳಿಂದ ತೆಗೆದು ಆಶ್ರಯತಾಣಕ್ಕೆ ಒಯ್ಯಿರಿ ಎಂದಿತು. ಆದೇಶ ಓದಲು ಚೆನ್ನಾಗಿದೆ. ಹಳ್ಳಿಯ ಪಂಚಾಯಿತಿಯೊಂದು ಇದನ್ನೆಲ್ಲ ಯಾವ ಡಾಕ್ಟರರಿಂದ, ಯಾವ ಕಟ್ಟಡದಲ್ಲಿ, ಯಾವ ದುಡ್ಡಿನಲ್ಲಿ ಮಾಡಬೇಕು? ನಲ್ಲಿಯನ್ನು ಬಿಟ್ಟೇ ಇಟ್ಟು ಅಂಗಳದ ನೀರು ಬಳಿಯುವ ಕೆಲಸ ಇದು. ಮರಿ ಹುಟ್ಟಿಸುವ ಕಡೆ ಯಾರೂ ನೋಡುತ್ತಿಲ್ಲ.

ತಮ್ಮಿಂದ ನಾನು ಕೇಳುವುದಕ್ಕೆ ಹೊಸ ಕಾನೂನೂ ಬೇಡ, ದೊಡ್ಡ ಅನುದಾನವೂ ಬೇಡ. ತಳಿ ಬೆಳೆಸುವವರ ನೋಂದಣಿಯನ್ನು ತಾಲ್ಲೂಕಿನ ಪಶು ಆಸ್ಪತ್ರೆಯಲ್ಲೇ ಮಾಡಿಸಿಕೊಳ್ಳುವಂತೆ ಮಾಡಿಕೊಡಿ. ಲಕ್ಷ್ಮೇಶ್ವರ ನಮಗೆ ಹತ್ತಿರ; ಬೆಂಗಳೂರಿಗೆ ಯಾರೂ ಹೋಗಲಾರರು. ಅರ್ಜಿ ಕನ್ನಡದಲ್ಲಿರಲಿ, ಒಂದೇ ಪುಟದ್ದಿರಲಿ. ತಂದೆ, ತಾಯಿ, ಹುಟ್ಟಿದ ದಿನ, ಲಸಿಕೆ, ಇಷ್ಟು ಬರೆದ ಚೀಟಿಯಿಲ್ಲದೆ ಮರಿ ಕೈ ಬದಲಾಗಬಾರದು. ಮೊದಲ ವರ್ಷ ದಂಡ ಹಾಕಬೇಡಿ, ತಿಳಿಸಿ ಹೇಳಿ. ನಮ್ಮ ಜನ ಹೇಳಿದರೆ ಕೇಳುತ್ತಾರೆ. ತಿಮ್ಮಾಪುರದ ಕೇಂದ್ರದವರು ಮರಿ ಕೊಡುವುದರ ಜೊತೆಗೆ, ಯಾವ ಗಂಡಿಗೆ ಯಾವ ಹೆಣ್ಣು ಕೂಡಿಸಬಾರದು ಎಂದು ಹೇಳಲು ವರ್ಷಕ್ಕೊಮ್ಮೆಯಾದರೂ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಗೆ ಬರಲಿ. ನಾಯಿ ಓಟ ನಡೆಸುವ ಜಾತ್ರೆಯ ಕಮಿಟಿಯವರು ಲಸಿಕೆಯ ಚೀಟಿ ನೋಡದೆ ನಾಯಿಯನ್ನು ಕಣಕ್ಕೆ ಬಿಡಬಾರದೆಂದು ಒಂದು ಸುತ್ತೋಲೆ ಸಾಕು.

ಗದಗಿನಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅದೂ ಬೀದರ ವಿಶ್ವವಿದ್ಯಾಲಯದ್ದೇ. ಅಲ್ಲಿಯ ವಿದ್ಯಾರ್ಥಿಗಳು ಕಲಿಯಲು ನಾಯಿ ಬೇಕು, ನಮ್ಮ ನಾಯಿಗಳಿಗೆ ಡಾಕ್ಟರರು ಬೇಕು. ಹಟ್ಟಿಗಳು ಒಂದೆಡೆ ನಿಂತಿರುವ ಸುಗ್ಗಿಯ ನಂತರದ ದಿನಗಳಲ್ಲಿ ಅವರನ್ನು ಹೊಲಗಳಿಗೇ ಕಳಿಸಿದರೆ ಕುರಿಗಾರರ ಜವಾರಿ ನಾಯಿಗೂ ಸೂಜಿ ಬೀಳುತ್ತದೆ. ಹುಚ್ಚುನಾಯಿ ರೋಗದಿಂದ ಮನುಷ್ಯ ಸಾಯುವುದನ್ನು 2030ರೊಳಗೆ ನಿಲ್ಲಿಸುತ್ತೇವೆಂದು ದೇಶ 2021ರಲ್ಲಿ ಯೋಜನೆ ಹಾಕಿಕೊಂಡಿದೆ. ನೂರು ನಾಯಿಗಳಲ್ಲಿ ಎಪ್ಪತ್ತಕ್ಕಾದರೂ ಲಸಿಕೆ ಬಿದ್ದರೆ ಮಾತ್ರ ಅದು ಸಾಧ್ಯ ಎನ್ನುತ್ತಾರೆ ತಜ್ಞರು. ಹಟ್ಟಿಯ ನಾಯಿ, ಓಣಿಯ ನಾಯಿಗಳನ್ನು ಬಿಟ್ಟು ಆ ಎಪ್ಪತ್ತನ್ನು ಎಲ್ಲಿಂದ ತರುತ್ತೀರಿ?

ಸೆಪ್ಟೆಂಬರ್ 28 ವಿಶ್ವ ರೇಬಿಸ್ ದಿನ. ಆ ಸುಮಾರಿಗೆ ತಮ್ಮ ಇಲಾಖೆ ಪಶು ಆಸ್ಪತ್ರೆಗಳಲ್ಲಿ ಉಚಿತ ಲಸಿಕೆಯ ಶಿಬಿರ ನಡೆಸುತ್ತದೆ. ಈ ಸಲ ಶಿಗ್ಲಿಗೆ ಬರುವ ತಂಡದ ಕೈಯಲ್ಲಿ ಲಸಿಕೆಯ ಡಬ್ಬಿಯ ಜೊತೆ ನೋಂದಣಿಯ ಅರ್ಜಿಗಳನ್ನೂ ಕೊಟ್ಟು ಕಳಿಸಿ. ಮರಿ ಸಾಕುವವರನ್ನು, ಮಾರುವವರನ್ನು ಒಂದೆಡೆ ಕೂಡಿಸುವ ಕೆಲಸ ನಮ್ಮದು.

ಇಂತಿ ತಮ್ಮ ವಿಶ್ವಾಸಿ,
ಶಿಗ್ಲಿಯ ಒಬ್ಬ ನೇಕಾರ