ಒಂಬತ್ತೂವರೆಯ ಅಭಿಮಾನ

ಚೆನ್ನೈಯ ಅಭಿಮಾನದ ಚಿತ್ರ ಬೇಕೆಂದರೆ ಕ್ಯಾಮೆರಾಗಳು ನೇರ ಕೋಯಂಬೇಡಿನ ರೋಹಿಣಿ ಥಿಯೇಟರಿಗೆ ಹೋಗುತ್ತವೆ. ದೊಡ್ಡ ನಟನ ಸಿನಿಮಾ ಬಿಡುಗಡೆಯಾಗುವ ದಿನ ಅಲ್ಲಿ ತಮಟೆ, ಪಟಾಕಿ, ಕಟೌಟಿಗೆ ಹಾಲಿನ ಅಭಿಷೇಕ. ಅದೇ ಊರಿನಲ್ಲಿ ರಾತ್ರಿ ಒಂಬತ್ತೂವರೆಗೆ ದೋಸೆ ಹಿಟ್ಟನ್ನು ಫ್ರಿಜ್ಜಿನೊಳಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಧಾರಾವಾಹಿಯ ಮುಂದೆ ಕೂರುವ ಹೆಂಗಸಿನ ಚಿತ್ರ ಯಾರಿಗೂ ಬೇಕಿಲ್ಲ. ಗಂಡಸರ ಅಭಿಮಾನ ಬೀದಿಗೆ ಬಂದು ಸಂಸ್ಕೃತಿ ಎನಿಸಿಕೊಂಡಿತು. ಅದರ ಮೇಲೆ ಪಿಎಚ್‌ಡಿಗಳಾದವು, ಅದರ ಬಲದಿಂದ ಮುಖ್ಯಮಂತ್ರಿಗಳೂ ಆದರು. ಹೆಂಗಸರದು ಮನೆಯೊಳಗೇ ಉಳಿದು ಜೋಕಾಯಿತು. 2023ರ ಜನವರಿ 11ರ ಬೆಳಗಿನ ಜಾವ ಆ ಥಿಯೇಟರಿನ ಮುಂದೆ, ಅಜಿತ್ ಸಿನಿಮಾಕ್ಕೆಂದು ಬಂದ ಹತ್ತೊಂಬತ್ತರ ಹುಡುಗನೊಬ್ಬ ಲಾರಿಯ ಮೇಲೆ ಹತ್ತಿ ಕುಣಿದು, ಕೆಳಗೆ ಬಿದ್ದು ಸತ್ತ. ಧಾರಾವಾಹಿ ನೋಡಿ ಯಾರಾದರೂ ಹಾಗೆ ಸತ್ತದ್ದನ್ನು ನಾನಂತೂ ಕೇಳಿಲ್ಲ. ಆದರೂ ಹುಚ್ಚು ಎಂಬ ಮಾತು ಮೊದಲು ತಗಲುವುದು ಸೀರಿಯಲ್ ನೋಡುವವರಿಗೆ.

ಇಷ್ಟು ಹೇಳಿದ ಮಾತ್ರಕ್ಕೆ ನಾನು ಧಾರಾವಾಹಿಗಳ ಪರ ವಕಾಲತ್ತು ಹಾಕಿದೆನೆಂದಲ್ಲ. ಅವುಗಳನ್ನು ಬೈಯುವವರ ಬಳಿಯೂ ಗಟ್ಟಿ ಕಾರಣಗಳಿವೆ, ಅವು ಮುಂದೆ ಬರುತ್ತವೆ. ಮೊದಲು ಈ ಎರಡು ಬಗೆಯ ಅಭಿಮಾನಗಳ ನಡುವಿನ ಒಂದು ವ್ಯತ್ಯಾಸ ನೋಡಬೇಕು. ಸಿನಿಮಾದಲ್ಲಿ ಪಾತ್ರ ಬದಲಾಗುತ್ತದೆ, ನಟ ಉಳಿಯುತ್ತಾನೆ. ಪೊಲೀಸಾಗಲಿ, ಆಟೋ ಚಾಲಕನಾಗಲಿ, ರಜನಿ ರಜನಿಯೇ. ಧಾರಾವಾಹಿಯಲ್ಲಿ ಇದು ತಿರುವುಮುರುವು. ಪಾತ್ರ ಉಳಿಯುತ್ತದೆ, ನಟಿ ಬದಲಾಗುತ್ತಾಳೆ. ಒಂದು ದಿನ ಪರದೆಯ ಕೆಳಗೆ 'ಇವರಿಗೆ ಬದಲಾಗಿ ಇವರು' ಎಂಬರ್ಥದ ಒಂದು ಸಾಲು ಹಾದುಹೋಗುತ್ತದೆ, ಅಷ್ಟೆ. ಮರುಕ್ಷಣ ಹೊಸಬಳು ಹಳಬಳ ತಾಳಿ ಹಾಕಿಕೊಂಡು, ಹಳಬಳ ಮಗುವನ್ನು ಎತ್ತಿಕೊಂಡು, ಹಳಬಳ ಅತ್ತೆಯ ಜೊತೆ ಜಗಳ ಮುಂದುವರಿಸುತ್ತಾಳೆ. ವಿಜಯ್ ಟಿವಿಯ 'ಭಾರತಿ ಕಣ್ಣಮ್ಮ'ದಲ್ಲಿ ಗಂಡನ ಮನೆ ಬಿಟ್ಟು ಬ್ಯಾಗು ಹಿಡಿದು ನಡೆದೇ ನಡೆದ ಕಣ್ಣಮ್ಮನನ್ನು ನೆನೆಯಿರಿ. 2020ರಲ್ಲಿ ಆ ನಡಿಗೆ ಇಡೀ ತಮಿಳುನಾಡಿನ ಮೀಮುಗಳಿಗೆ ಸರಕಾಯಿತು. ನಡೆದವರು ರೋಶನಿ ಹರಿಪ್ರಿಯನ್. ಮರುವರ್ಷ ಅವರು ಬಿಟ್ಟು ಹೋದರು, ವಿನುಷಾ ದೇವಿ ಬಂದರು, ಕಣ್ಣಮ್ಮ ಕಣ್ಣಮ್ಮನಾಗಿಯೇ ಉಳಿದಳು.

ನನಗೆ ತೋರುವಂತೆ ಈ ಅಭಿಮಾನದ ಒಳ್ಳೆಯದು ಕೆಟ್ಟದ್ದು ಎರಡೂ ಇಲ್ಲಿಂದಲೇ ಹುಟ್ಟುತ್ತವೆ.

ಒಳ್ಳೆಯದು ಎಂದರೆ, ಇಲ್ಲಿ ವ್ಯಕ್ತಿಪೂಜೆ ಕಡಿಮೆ, ಕಥೆಯ ಮೇಲಿನ ನಿಗಾ ಹೆಚ್ಚು. ಪಶ್ಚಿಮ ಮಾಂಬಲಂನಲ್ಲಿರುವ ನನ್ನ ಸೋದರತ್ತೆ ಧಾರಾವಾಹಿ ನೋಡುವುದನ್ನು ಪಕ್ಕದಲ್ಲಿ ಕೂತು ನೋಡಬೇಕು. ಅವರು ಸುಮ್ಮನೆ ಕಣ್ಣೀರಿಡುತ್ತಾ ಕೂರುವುದಿಲ್ಲ. "ಈ ಸೀರೆ ಹೋದ ತಿಂಗಳು ನಂದಿನಿ ಉಟ್ಟಿದ್ದಲ್ಲವೇನೋ?" ಎನ್ನುತ್ತಾರೆ. ಆಸ್ಪತ್ರೆಯ ದೃಶ್ಯ ಬಂದರೆ "ಬಜೆಟ್ ಮುಗೀತು ಅಂತ ಕಾಣತ್ತೆ, ಇನ್ನೊಂದು ವಾರ ಇದೇ ಮಂಚ" ಎನ್ನುತ್ತಾರೆ. ಖಳನಾಯಕಿ ಬಾಗಿಲ ಮರೆಯಲ್ಲಿ ನಿಂತರೆ ಅವಳು ಏನನ್ನು ಕೇಳಿಸಿಕೊಳ್ಳುತ್ತಾಳೆ, ಯಾವ ಮಾತನ್ನು ಬಿಟ್ಟು ಕೇಳಿಸಿಕೊಳ್ಳುತ್ತಾಳೆ ಎಂಬುದನ್ನು ಮೊದಲೇ ಹೇಳುತ್ತಾರೆ. ಜಾಹೀರಾತು ಬಂದಾಗ ತಂಗಿಗೆ ಫೋನು. ಆ ಫೋನಿನಲ್ಲಿ ಪರದೆಯ ಸೊಸೆಯ ಮಾತು ಮನೆಯ ಸೊಸೆಯ ಮಾತಾಗಿ ತಿರುಗಲು ಎರಡು ನಿಮಿಷವೂ ಬೇಡ. ನೇರವಾಗಿ ಆಡಲಾಗದ ಎಷ್ಟೋ ಮಾತುಗಳನ್ನು ಆ ಮನೆಯಲ್ಲಿ ಪಾತ್ರಗಳ ಹೆಸರಿನಲ್ಲಿ ಆಡಿ ಮುಗಿಸಿದ್ದನ್ನು ನಾನು ಬಲ್ಲೆ.

ಇದಕ್ಕೆ ಹಳೆಯ ಬೇರುಗಳಿವೆ. ಕಲ್ಕಿಯ 'ಪೊನ್ನಿಯಿನ್ ಸೆಲ್ವನ್' 1950ರಿಂದ 1954ರವರೆಗೆ ವಾರಪತ್ರಿಕೆಯಲ್ಲಿ ಕಂತುಕಂತಾಗಿ ಬಂತು. ಜನ ಸಂಚಿಕೆಗೆ ಕಾದರು. ನಮ್ಮಲ್ಲೂ ಸುಧಾ, ತರಂಗಗಳ ಧಾರಾವಾಹಿ ಕಾದಂಬರಿಗಳನ್ನು ಕತ್ತರಿಸಿ, ಹೊಲಿದು, ಬೈಂಡ್ ಮಾಡಿಸಿ ಇಟ್ಟ ಮನೆಗಳಿದ್ದವು. ಆಗಲೂ 'ಹೆಂಗಸರ ಕಾದಂಬರಿ' ಎಂದು ಮೂಗು ಮುರಿದವರಿದ್ದರು. ಮದರಾಸು ದೂರದರ್ಶನ ಶುರುವಾದದ್ದು 1975ರ ಆಗಸ್ಟ್ 15ರಂದು. ಕೆ. ಬಾಲಚಂದರ್ ಸಿನಿಮಾದಿಂದ ಇಳಿದು ಬಂದು 'ರೈಲ್ ಸ್ನೇಹಂ' ಮಾಡಿದಾಗ ಕಿರುತೆರೆಗೆ ಮರ್ಯಾದೆ ಬಂತು. 1993ರ ಏಪ್ರಿಲ್ 14, ತಮಿಳು ಹೊಸ ವರ್ಷದ ದಿನ, ಸನ್ ಟಿವಿ ಬಂತು. ಆ ದಶಕ ಮುಗಿಯುವ ಹೊತ್ತಿಗೆ, 1999ರ ಡಿಸೆಂಬರಿನಲ್ಲಿ, ರಾಧಿಕಾ ಅವರ 'ಚಿತ್ತಿ'. ನಿತ್ಯಶ್ರೀ ಮಹಾದೇವನ್ ಹಾಡಿದ ಅದರ ಶೀರ್ಷಿಕೆ ಗೀತೆ ಕೇಳಿದೊಡನೆ ಓಣಿಯೇ ಖಾಲಿಯಾಗುತ್ತಿತ್ತು ಎಂದು ಆ ಕಾಲದವರು ಇಂದಿಗೂ ಹೇಳುತ್ತಾರೆ. ಆಮೇಲೆ ಐವರು ಹೆಣ್ಣುಮಕ್ಕಳ ತಂದೆಯ 'ಮೆಟ್ಟಿ ಒಲಿ', ಆಮೇಲೆ ದೇವಯಾನಿಯ 'ಕೋಲಂಗಳ್'. 2003ರಿಂದ 2009ರವರೆಗೆ 1533 ಕಂತು. ಕರ್ನಾಟಕದಲ್ಲಿ ಟಿ.ಎನ್. ಸೀತಾರಾಮ್ ಅವರ 'ಮಾಯಾಮೃಗ'ಕ್ಕೆ ಜನ ಕೆಲಸ ಬಿಟ್ಟು ಕೂತದ್ದೂ ಹೆಚ್ಚು ಕಡಿಮೆ ಇದೇ ಕಾಲದಲ್ಲಿ.

ಇವುಗಳಿಂದ ಹೆಂಗಸರು ಹಾಳಾದರು ಎಂಬ ದೂರಿಗೆ ಎದುರಾಗಿ ನಿಲ್ಲುವ ಒಂದು ಅಧ್ಯಯನವಿದೆ. ರಾಬರ್ಟ್ ಜೆನ್ಸನ್ ಮತ್ತು ಎಮಿಲಿ ಆಸ್ಟರ್ ಎಂಬ ಅರ್ಥಶಾಸ್ತ್ರಜ್ಞರು 2009ರಲ್ಲಿ ಪ್ರಕಟಿಸಿದ್ದು. ತಮಿಳುನಾಡೂ ಸೇರಿ ಕೆಲವು ರಾಜ್ಯಗಳ ಹಳ್ಳಿಗಳಿಗೆ 2001ರಿಂದ 2003ರ ನಡುವೆ ಕೇಬಲ್ ಬಂದ ಮೇಲೆ ಏನಾಯಿತೆಂದು ಅವರು ನೋಡಿದರು. ಹೆಂಡತಿಯನ್ನು ಹೊಡೆಯುವುದು ಸರಿ ಎನ್ನುವ ಹೆಂಗಸರು ಕಡಿಮೆಯಾಗಿದ್ದರು, ಗಂಡುಮಗುವೇ ಬೇಕೆಂಬ ಹಟ ಇಳಿದಿತ್ತು. ಆದರೆ ಇದನ್ನು ಧಾರಾವಾಹಿಗಳ ಕೊರಳಿಗೆ ಹಾರವಾಗಿ ಹಾಕುವಾಗ ಜಾಗ್ರತೆ ಬೇಕು. ಅಳೆದದ್ದು ಕೇಬಲ್ಲನ್ನು, ಯಾವುದೋ ಒಂದು ಧಾರಾವಾಹಿಯನ್ನಲ್ಲ. ಮನೆಯಾಚೆಗಿನ ಬದುಕು ಕಣ್ಣಿಗೆ ಬಿದ್ದದ್ದೇ ಕಾರಣವಾಗಿರಬಹುದು, ಅದರಲ್ಲಿ ಸೊಸೆಯಂದಿರ ಗೋಳು ಎಷ್ಟು, ಪಟ್ಟಣದ ಹೆಂಗಸರ ನಡೆ ಎಷ್ಟು ಎಂದು ಬಿಡಿಸಿ ಹೇಳಲಾಗದು.

ಈಗ ಆಚೆ ಬದಿ. ಸನ್ ಟಿವಿಯಲ್ಲಿ 2022ರಿಂದ 2024ರವರೆಗೆ ಬಂದ ತಿರುಸೆಲ್ವಂ ನಿರ್ದೇಶನದ 'ಎದಿರ್‌ನೀಚ್ಚಲ್' ಈ ತಕ್ಕಡಿಗೆ ತಕ್ಕ ಉದಾಹರಣೆ. ಮಧುರೆಯ ಒಂದು ದೊಡ್ಡ ಮನೆ. ಯಜಮಾನ ಆದಿ ಗುಣಶೇಖರನ್. ಹೆಂಡತಿ ಈಶ್ವರಿ, ತಮ್ಮಂದಿರ ಹೆಂಡತಿಯರು ನಂದಿನಿ, ರೇಣುಕಾ, ಜನನಿ. ಓದಿದ ಹೆಣ್ಣುಗಳನ್ನು ಮದುವೆ ಮಾಡಿ ತಂದು ಅಡುಗೆಮನೆಗೆ ಕಟ್ಟಿಹಾಕುವ ಮನೆ ಅದು. ವೃದ್ಧೆ ಪಟ್ಟಮ್ಮಾಳ್ ಕೈಯಲ್ಲಿರುವ ನಲವತ್ತು ಶೇಕಡಾ ಆಸ್ತಿಯ ಸುತ್ತ ಕಥೆ ತಿಂಗಳುಗಟ್ಟಲೆ ಗಿರಕಿ ಹೊಡೆಯಿತು. ನಾಲ್ವರು ಹೆಂಗಸರು ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತಾ ಪಿಸುಗುಟ್ಟುವ ದೃಶ್ಯಗಳಲ್ಲಿ ನಿಜವಾದ ಬರವಣಿಗೆ ಇತ್ತು. ಹೆಣ್ಣುಮಕ್ಕಳ ನಗು ಎಲ್ಲಿ ಹುಟ್ಟುತ್ತದೆ, ಯಾರು ಒಳಬಂದರೆ ನಿಲ್ಲುತ್ತದೆ ಎಂಬುದನ್ನು ಬರೆದವರು ಬಲ್ಲವರಾಗಿದ್ದರು. ಕಥೆಯ ನಿಲುವು ಸ್ಪಷ್ಟವಾಗಿ ಹೆಂಗಸರ ಕಡೆ. ಆದರೆ ಜನ ಮೆಚ್ಚಿದ್ದು ಯಾರನ್ನು? ಗುಣಶೇಖರನನ್ನು. ಜಿ. ಮಾರಿಮುತ್ತು ಆ ಪಾತ್ರವನ್ನು ಹೇಗೆ ಮಾಡಿದರೆಂದರೆ, ಹೆಂಡತಿಯನ್ನು ಗದರುವ ಅವರ ಕೂಗು ಮೀಮಾಯಿತು, ರೀಲಾಯಿತು, ಮನೆಮನೆಯ ಗಂಡಸರ ನಗೆಚಾಟಿಕೆಯಾಯಿತು. ದಬ್ಬಾಳಿಕೆಯನ್ನು ತೋರಿಸಿ ಬೈಯಬೇಕೆಂದು ಹೊರಟ ಕಥೆ ದಬ್ಬಾಳಿಕೆಗೊಂದು ಚಂದದ ಧಾಟಿ ಕಲಿಸಿಕೊಟ್ಟಿತು. ಹೆಂಗಸರು ಅದೇ ಮಾತನ್ನು ಗಂಡನಿಗೆ ತಿರುಗಿಸಿ ಹೇಳಿ ಅಣಕಿಸಿದ್ದೂ ಉಂಟು, ಆ ನಗೆಯಲ್ಲಿ ಸ್ವಲ್ಪ ಸೇಡೂ ಇತ್ತು. ಯಾವುದು ತೂಕ ಹೆಚ್ಚು? ನನ್ನ ಅನುಮಾನ ಮೊದಲನೆಯದರ ಕಡೆಗೇ ವಾಲುತ್ತದೆ.

2023ರ ಸೆಪ್ಟೆಂಬರ್ 8ರ ಬೆಳಗ್ಗೆ ಅದೇ ಧಾರಾವಾಹಿಗೆ ಡಬ್ಬಿಂಗ್ ಮಾಡುತ್ತಿದ್ದಾಗ ಮಾರಿಮುತ್ತು ಹೃದಯಾಘಾತದಿಂದ ತೀರಿಕೊಂಡರು. ಅವರು ನಟಿಸಿದ್ದ ರಜನಿಯ 'ಜೈಲರ್' ಬಿಡುಗಡೆಯಾಗಿ ತಿಂಗಳೂ ತುಂಬಿರಲಿಲ್ಲ. ಎರಡು ಸಿನಿಮಾ ನಿರ್ದೇಶಿಸಿ, 'ಪರಿಯೇರುಂ ಪೆರುಮಾಳ್'ನಂಥ ಚಿತ್ರದಲ್ಲಿ ನಟಿಸಿದ್ದ ಮನುಷ್ಯನನ್ನು ಮನೆಮನೆಗೆ ತಲುಪಿಸಿದ್ದು ಮಾತ್ರ ಒಂದು ಸೀರಿಯಲ್. ಅವರ ಜಾಗಕ್ಕೆ ವೇಲ ರಾಮಮೂರ್ತಿ ಬಂದರು. ಅವರು ಬರಹಗಾರರೂ ಹೌದು, ಒಳ್ಳೆಯ ನಟರೂ ಹೌದು. ಆದರೂ ನೋಡುವವರು ಒಪ್ಪಲಿಲ್ಲ. ಪಾತ್ರ ಉಳಿಯುತ್ತದೆ, ನಟ ಬದಲಾಗುತ್ತಾನೆ ಎಂಬ ನಿಯಮಕ್ಕೆ ಇದೊಂದು ಅಪವಾದ. ಅತ್ತೆಗಂತೂ ಹೊಸ ಗುಣಶೇಖರನ್ ಕೊನೆಯವರೆಗೂ ಬಾಡಿಗೆದಾರನೇ.

ನಿಯಮ ಕ್ರೂರವಾಗುವುದು ನಟಿಯರ ವಿಷಯದಲ್ಲಿ. 'ಪಾಂಡಿಯನ್ ಸ್ಟೋರ್ಸ್'ನ ಮುಲ್ಲೈ ಆಗಿದ್ದ ವಿ.ಜೆ. ಚಿತ್ರಾ 2020ರ ಡಿಸೆಂಬರ್ 9ರಂದು ತೀರಿಕೊಂಡರು. ಅತ್ತವರಲ್ಲಿ ಸುಳ್ಳಿರಲಿಲ್ಲ. ಆದರೆ ಕೆಲವು ದಿನಗಳಲ್ಲೇ ಆ ದುಃಖ ಪತ್ತೇದಾರಿಯಾಯಿತು. ಗುರುತೇ ಇಲ್ಲದವರು ಆಕೆಯ ಹಳೆಯ ಫೋಟೋ, ವಿಡಿಯೋಗಳನ್ನು ಹರಡಿಕೊಂಡು ಯಾರು, ಏಕೆ, ಹೇಗೆ ಎಂದು ಕಂತು ಬರೆಯತೊಡಗಿದರು. ಅತ್ತ ಮುಲ್ಲೈ ಪಾತ್ರಕ್ಕೆ ಕಾವ್ಯಾ ಅರಿವುಮಣಿ ಬಂದರು, ಕಥೆ ನಡೆಯಿತು. ಅಭಿಮಾನಿ ಪಾತ್ರವನ್ನು ತನ್ನ ಮನೆಯವಳೆಂದುಕೊಂಡಾಗ ತೊಂದರೆಯಿಲ್ಲ. ನಟಿಯ ಬದುಕೂ ತನ್ನ ಮನೆಯದೇ ಎಂದುಕೊಂಡ ಕಡೆ ನನ್ನ ಸಹಾನುಭೂತಿ ನಿಲ್ಲುತ್ತದೆ. 'ರಾಜಾ ರಾಣಿ'ಯ ಜೋಡಿ ಆಲ್ಯಾ ಮಾನಸಾ, ಸಂಜೀವ್ 2019ರಲ್ಲಿ ನಿಜವಾಗಿಯೂ ಮದುವೆಯಾದಾಗ ಅಭಿಮಾನಿಗಳಿಗೆ ತಾವೇ ಧಾರೆ ಎರೆದಷ್ಟು ಸಂತೋಷ. ಚೆಂದವೇ. ಆದರೆ ಬೇರೆ ಜೋಡಿಗಳೂ ಹೀಗೇ ಆಗಬೇಕೆಂದು ಹಟ ಹಿಡಿದು, ಆಗದಿದ್ದರೆ ಮೂರನೆಯವರನ್ನು ಬೈಯುವ ಮಂದಿಯೂ ಇದೇ ಸಂತೋಷದ ಮಕ್ಕಳು.

ಇನ್ನು ಎಳೆದಾಟ. ಇದರಲ್ಲಿ ಅಭಿಮಾನಿಯದೂ ಪಾಲಿದೆ. ಪ್ರತಿ ಗುರುವಾರ ಟಿಆರ್‌ಪಿ ಬರುತ್ತದೆ. ಮೀಟರ್ ಕೂರಿಸಿದ ಆಯ್ದ ಮನೆಗಳ ಲೆಕ್ಕ ಅದು. ಅಂಕ ಏರಿದರೆ ಕಥೆ ಮುಗಿಯುವುದಿಲ್ಲ, ಇಳಿದರೆ ಕಥೆ ಸಾಯುತ್ತದೆ. ಹೀಗಾಗಿ ಜನ ಹೆಚ್ಚು ಮೆಚ್ಚಿದ್ದೇ ಹೆಚ್ಚು ಕೆಡುತ್ತದೆ. ಹೂ ಮಾರುವ ಮೀನಾ, ಕಾರು ಓಡಿಸುವ ಮುತ್ತು ಇವರ 'ಸಿರಗಡಿಕ್ಕ ಆಸೈ' 2023ರಲ್ಲಿ ಶುರುವಾದಾಗ ದುಡಿಯುವ ಚೆನ್ನೈ ಅದರಲ್ಲಿ ಕಾಣುತ್ತಿತ್ತು. ರಮೇಶ್ ಅರವಿಂದ್ ಅದನ್ನೇ ಕನ್ನಡದಲ್ಲಿ 'ಆಸೆ' ಎಂದು ನಿರ್ಮಿಸಿದರು. ಆದರೆ ತಮಿಳಿನ ಆ ಕಥೆಯ ಇನ್ನೊಬ್ಬ ಸೊಸೆ ರೋಹಿಣಿಗೆ ಒಂದು ಗುಟ್ಟು: ಮೊದಲೊಂದು ಮದುವೆ, ಒಂದು ಮಗು. ಆ ಗುಟ್ಟು ಇನ್ನೇನು ಬಯಲಾಯಿತು ಎನ್ನುವಾಗ ಯಾರಿಗೋ ಫೋನು ಬರುತ್ತದೆ, ಕರೆಂಟು ಹೋಗುತ್ತದೆ. ನೋಡುವವರು ನಿರ್ದೇಶಕರಿಗೆ ಶಾಪ ಹಾಕುತ್ತಾ ವರ್ಷಗಟ್ಟಲೆ ಕಾದರು. ಶಾಪ ಹಾಕುತ್ತಾ ನೋಡಿದರೂ ಮೀಟರಿಗೆ ಅದು ನೋಡಿದ ಲೆಕ್ಕವೇ.

ಎಳೆದಾಟಕ್ಕೆ ಇನ್ನೊಂದು ಮುಖವೂ ಇದೆ. ಪೂಂದಮಲ್ಲಿ ಕಡೆಯ ಇವಿಪಿ ಫಿಲ್ಮ್ ಸಿಟಿಯಲ್ಲಿ, ವಲಸರವಾಕ್ಕಂನ ಬಾಡಿಗೆ ಬಂಗಲೆಗಳಲ್ಲಿ ಲೈಟು ಹೊರುವವರು, ಮೇಕಪ್ಪಿನವರು, ಊಟ ಬಡಿಸುವವರು ಇದರಲ್ಲೇ ಬದುಕುತ್ತಾರೆ. 2020ರಲ್ಲಿ ಶೂಟಿಂಗ್ ನಿಂತು, ಸರ್ಕಾರ ಮೊದಲು ಇಪ್ಪತ್ತೇ ಜನರಿಗೆ ಅನುಮತಿ ಕೊಟ್ಟಾಗ, ಅಷ್ಟರಲ್ಲಿ ಕೆಲಸ ಸಾಗದೆಂದು ಚಿತ್ರ ಕಾರ್ಮಿಕರ ಒಕ್ಕೂಟ ಫೆಫ್ಸಿ ಕೇಳಿಕೊಂಡು ಅರವತ್ತಕ್ಕೆ ಏರಿಸಿಕೊಂಡಿತು. ಒಂದು ಸಾಮಾನ್ಯ ಜಗಳದ ದೃಶ್ಯದ ಹಿಂದೆ ಎಷ್ಟು ಕೈಗಳಿವೆ ಎಂದು ಆಗ ತಿಳಿಯಿತು. ಕನ್ನಡದ ಹುಡುಗಿಯರಿಗೂ ಇಲ್ಲಿ ಅನ್ನವಿದೆ. 'ಎದಿರ್‌ನೀಚ್ಚಲ್'ನ ಜನನಿಯಾಗಿದ್ದ ಮಧುಮಿತಾ, 'ಕಯಲ್'ನ ಚೈತ್ರಾ ರೆಡ್ಡಿ, 2017ರಲ್ಲಿ ತಮಿಳಿನಲ್ಲೂ ಕನ್ನಡದಲ್ಲೂ ಒಟ್ಟಿಗೇ ತಯಾರಾದ 'ನಂದಿನಿ'ಯ ನಿತ್ಯಾ ರಾಮ್, ಮೂವರೂ ನಮ್ಮ ಕಡೆಯವರೇ. ಚೆನ್ನೈ ಕನ್ನಡಿಗರ ಮನೆಯಲ್ಲಿ ಇದು ಸಣ್ಣ ಹೆಮ್ಮೆಯ ವಿಷಯವಲ್ಲ. ಉದಯವೋ ಸನ್ನೋ ಎಂಬ ರಿಮೋಟ್ ಜಗಳದಲ್ಲಿ "ಅವಳು ನಮ್ಮವಳೇ ಕಣೋ" ಎಂಬ ಮಾತಿಗೆ ಸನ್ ಗೆದ್ದದ್ದುಂಟು.

ಅತ್ತೆಯ ಮೊಮ್ಮಗಳು ಕೊರಿಯಾದ ಧಾರಾವಾಹಿಗಳ ಕಡೆಯವಳು. ಹದಿನಾರು ಕಂತು, ಅಲ್ಲಿಗೆ ಮುಗಿಯಿತು. ಅಜ್ಜಿಯದನ್ನು ಹುಚ್ಚು ಎನ್ನುವ ಅವಳ ಕೋಣೆಯ ಗೋಡೆಯ ತುಂಬ ಸೋಲ್ ನಗರದ ನಟರು. ಮುಗಿಯುವ ಕಥೆ ಮೇಲು ಎಂಬುದರಲ್ಲಿ ನಾನು ಅವಳ ಪಕ್ಷ; ಕೊನೆ ಗೊತ್ತಿದ್ದು ಬರೆದವನ ಕೈಯಲ್ಲಿ ಕಥೆ ಅಷ್ಟು ಸುಲಭವಾಗಿ ಹಳಸುವುದಿಲ್ಲ. ಒಮ್ಮೆ ಈ ವಾದ ಅತ್ತೆಯ ಮುಂದೆ ಬಂತು.

"ಹದಿನಾರೇ ಕಂತಾ? ಜನರ ಪರಿಚಯ ಆಗೋ ಅಷ್ಟರಲ್ಲಿ ಎದ್ದು ಹೋಗ್ತಾರಲ್ಲೇ" ಎಂದರು ಅತ್ತೆ.

"ನಿಂದರಲ್ಲಿ ಪರಿಚಯ ಆಗಿ ಹಳಸಿದ್ರೂ ಯಾರೂ ಎದ್ದು ಹೋಗಲ್ವಲ್ಲ ಅಜ್ಜಿ. ಮುಖ ಮಾತ್ರ ಬದಲಾಗತ್ತೆ" ಎಂದಳು ಅವಳು.