ಕೈ ತೊಳೆಯಲು ನರ್ಸಿಗೆ ಸಮಯ ಎಲ್ಲಿದೆ?

ಯಂತ್ರ ರಿಪೇರಿಗೆಂದು ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜ ಸುತ್ತುವವನು ನಾನು. ಮಗ್ಗದ ಕಾರ್ಮಿಕರ ಜೊತೆ ಆಸ್ಪತ್ರೆಗೂ ಹೋಗಬೇಕಾಗುತ್ತದೆ. ಒಂದು ವಾರ್ಡಿನಲ್ಲಿ ‘ಕೈ ತೊಳೆಯಿರಿ’ ಎಂಬ ಮರಾಠಿ ಪೋಸ್ಟರ್ ಎದ್ದು ಕಾಣುತ್ತಿತ್ತು, ಬೇಸಿನ್ ಮಾತ್ರ ಆ ತುದಿಯಲ್ಲಿ. ನರ್ಸ್ ಕೈ ತೊಳೆಯಲಿಲ್ಲ ಎಂದು ಜೊತೆಗಿದ್ದವರು ಬೈದರು.

ನಾನು ಅಂಗಡಿಯವನ ಮಗ, ಲೆಕ್ಕ ಹಾಕಿದೆ. 30 ರೋಗಿಗಳಿದ್ದರೆ, ಮುಟ್ಟುವ ಮೊದಲೊಮ್ಮೆ, ಆಮೇಲೊಮ್ಮೆ, ಒಟ್ಟು 60 ಸಲ. ಸಾಬೂನಿನಲ್ಲಿ ತೊಳೆಯಲು 40ರಿಂದ 60 ಸೆಕೆಂಡು ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಒಂದು ಸುತ್ತಿಗೇ ಹತ್ತಿರ ಹತ್ತಿರ ಒಂದು ಗಂಟೆ, ನಡಿಗೆ ಬೇರೆ! ಇಚಲಕರಂಜಿಯಲ್ಲಂತೂ ನಲ್ಲಿ ನೀರು ದಿನಾ ಬರುವುದಿಲ್ಲ.

ಜಿನೀವಾದ ಆಸ್ಪತ್ರೆಯಲ್ಲಿ ಡಾ. ದಿದಿಯೇ ಪಿತೇ ತಂಡ ಆಲ್ಕೋಹಾಲ್ ದ್ರಾವಣದ ಬಾಟಲಿಯನ್ನು ಹಾಸಿಗೆಯ ಪಕ್ಕಕ್ಕೇ ತಂದಿತು. 20ರಿಂದ 30 ಸೆಕೆಂಡು ಉಜ್ಜಿದರೆ ಸಾಕು. ಕೈ ಶುಚಿಯ ಪ್ರಮಾಣ 1994ರಲ್ಲಿ ಶೇ. 48 ಇದ್ದದ್ದು 1997ಕ್ಕೆ ಶೇ. 66 ಆಯಿತು. ಆಸ್ಪತ್ರೆಯಲ್ಲೇ ಅಂಟುವ ಸೋಂಕು ಶೇ. 16.9ರಿಂದ 9.9ಕ್ಕೆ ಇಳಿಯಿತು. ಕೈಗೆ ರಕ್ತ, ಕೊಳೆ ಮೆತ್ತಿದ್ದರೆ ಮಾತ್ರ ನೀರು, ಸಾಬೂನು ಬೇಕೇ ಬೇಕು.

ಆಲ್ಕೋಹಾಲ್ ಎಂದಾಗ ನಮ್ಮಲ್ಲಿ ಕೆಲವರು ಹಿಂಜರಿಯುತ್ತಾರೆ. ಸೌದಿಯ ಆಸ್ಪತ್ರೆಗಳಲ್ಲೂ ಅದನ್ನೇ ಬಳಸುತ್ತಾರೆ. ಬೆರಳ ಸಂದು ತಿಕ್ಕುವುದನ್ನು ವುಝೂ ಮಾಡುವವರಿಗೆ ಯಾರೂ ಕಲಿಸಬೇಕಾಗಿಲ್ಲ.

ನಮ್ಮ ಸಂಘಟನೆಗಳು ಆಸ್ಪತ್ರೆಗೆ ವೀಲ್‌ಚೇರ್ ಕೊಡುತ್ತವೆ, ಅದರ ಬೆನ್ನಿಗೆ ಹೆಸರು ಬರೆಸಬಹುದಲ್ಲ! ಬಾಟಲಿಯಾದರೆ ವಾರದಲ್ಲಿ ಖಾಲಿ. ಈ ಸಲ ಒಂದು ವಾರ್ಡಿನ ಪ್ರತಿ ಮಂಚಕ್ಕೆ ಸ್ಟ್ಯಾಂಡ್ ಕೊಟ್ಟು, ವರ್ಷವಿಡೀ ದ್ರಾವಣ ತುಂಬಿಸುವ ಖರ್ಚು ಹೊರಲಿ.