ಸಹಿ ಮತ್ತು ಹೆಬ್ಬೆಟ್ಟು

ವಯಸ್ಸಾದವರಿಗೆ ಹೊಸತನ್ನು ಕಂಡರಾಗದು ಎಂಬುದು ಎಲ್ಲ ಕಾಲದ ಕಿರಿಯರೂ ಹೇಳುತ್ತ ಬಂದಿರುವ ದೂರು. ಯಂತ್ರಗಳ ವಿಷಯದಲ್ಲಂತೂ ಇದು ಇಂದು ಮನೆಮನೆಯಲ್ಲಿಯೂ ಕೇಳಿಬರುವ ಮಾತು. ಮೊಬೈಲು ಹಿಡಿಯಲು ಬಾರದ ತಾತ, ಬ್ಯಾಂಕಿನ ಯಂತ್ರದ ಮುಂದೆ ಕಾರ್ಡು ಹಿಡಿದು ತಬ್ಬಿಬ್ಬಾಗುವ ಅಜ್ಜಿ, ಇವರು ನಮ್ಮ ನಗೆಹನಿಗಳಿಗೆ ಒದಗುವ ಪಾತ್ರಗಳಾಗಿದ್ದಾರೆ. ನಾನು ಈ ದೂರನ್ನು ಪೂರ್ತಿಯಾಗಿ ಒಪ್ಪಲಾರೆ. ಅದಕ್ಕೆ ನನಗಿರುವ ಕಾರಣಗಳು ಅರಕಲಗೂಡಿನ ಸುತ್ತಮುತ್ತ ಕಣ್ಣಾರೆ ಕಂಡವು. ದೊಡ್ಡ ಗ್ರಂಥಗಳಿಂದ ಆಯ್ದವಲ್ಲ.

ನಮ್ಮ ಸೀಮೆಯ ಹಿರಿಯರು ಒಂದೇ ಜನ್ಮದಲ್ಲಿ ಎಷ್ಟು ಹೊಸತುಗಳನ್ನು ಅರಗಿಸಿಕೊಂಡಿದ್ದಾರೆಂಬುದನ್ನು ಯಾರೂ ಲೆಕ್ಕವಿಟ್ಟಿಲ್ಲ. ಸೀಮೆಎಣ್ಣೆಯ ಬುಡ್ಡಿಯ ಬೆಳಕಿನಲ್ಲಿ ಹುಟ್ಟಿದವರು ವಿದ್ಯುದ್ದೀಪವನ್ನು ಕಂಡರು. ಒನಕೆ ಹಿಡಿದು ಬತ್ತ ಕುಟ್ಟುತ್ತಿದ್ದ ಕೈ ಅಕ್ಕಿಯ ಗಿರಣಿ ಬಂದ ಕೂಡಲೆ ಒನಕೆಯನ್ನು ಅಟ್ಟಕ್ಕೆ ಹಾಕಿತು. ಅದಕ್ಕಾಗಿ ಹೆಂಗಸರಾರೂ ಕಣ್ಣೀರಿಟ್ಟುದನ್ನು ನಾನು ಕಾಣೆ. ಒನಕೆ ಹಿಡಿಯದ ಕೆಲವು ಲೇಖಕರು ಅತ್ತಿರಬಹುದು. ಬಾವಿಯ ಬಳಿ ಏತ ಹೋಗಿ ಪಂಪುಸೆಟ್ಟು ಬಂದಿತು. 1979ರಲ್ಲಿ ಗೊರೂರಿನಲ್ಲಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು ಪೂರ್ಣಗೊಂಡಾಗ ಹಲವರ ಹೊಲಮನೆಗಳು ನೀರಿನಲ್ಲಿ ಮುಳುಗಿದವು. ಅವರು ಬೇರೆ ಕಡೆ ಹೋಗಿ ಮತ್ತೆ ಬದುಕು ಕಟ್ಟಿಕೊಂಡರು. ಅದೇ ಊರಿನ ಗೊರೂರು ರಾಮಸ್ವಾಮಿ ಅಯ್ಯಂಗಾರರು 1904ರಲ್ಲಿ ಹುಟ್ಟಿದವರು, ಖಾದಿಯುಟ್ಟ ಗಾಂಧೀವಾದಿಗಳು. ಎಪ್ಪತ್ತು ದಾಟಿದ ಮೇಲೆ ಅವರು ಅಮೆರಿಕಕ್ಕೆ ಹೋಗಿ, ಕಂಡುದನ್ನೆಲ್ಲ ಬರೆದರು. 'ಅಮೆರಿಕಾದಲ್ಲಿ ಗೊರೂರು' ಎಂಬ ಆ ಗ್ರಂಥಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ಹೊಸತನ್ನು ಕಂಡು ಕಣ್ಣು ಮುಚ್ಚಿಕೊಳ್ಳುವವರ ಲಕ್ಷಣ ಇದಲ್ಲ.

ಹಾಗೆಂದು ಹಳೆಯದೆಲ್ಲ ಹೊನ್ನಾಗಿತ್ತೆಂದು ನಾನು ಹೇಳುವುದಿಲ್ಲ. ಆಗ ಜಮೀನಿನ ಪಹಣಿಯೊಂದು ಬೇಕಾದರೆ ಶಾನುಭೋಗರ ಮನೆಯ ಜಗಲಿಯ ಮೇಲೆ ಕಾಯಬೇಕಿತ್ತು. ಅವರ ಮುಖ ಅರಳಿದ ದಿನವೇ ಅದು ಕೈಸೇರುತ್ತಿತ್ತು. 'ಭೂಮಿ' ಯೋಜನೆ ಬಂದು ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದ ಮೇಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟು ಅದನ್ನು ಪಡೆಯುವಂತಾಯಿತು. ಇದನ್ನು ಮೊದಲು ಕೊಂಡಾಡಿದವರು ಜಗಲಿಯ ಮೇಲೆ ಕಾದು ಸವೆದ ಮುದುಕರೇ ಹೊರತು ಅವರ ಮೊಮ್ಮಕ್ಕಳಲ್ಲ. ಯಂತ್ರದಿಂದ ತಮ್ಮ ಮಾನ ಉಳಿಯುವುದಾದರೆ ಹಿರಿಯರು ಅದನ್ನು ಎರಡು ಕೈಗಳಿಂದಲೂ ಸ್ವಾಗತಿಸುತ್ತಾರೆ. ಹಾಗಾದರೆ ಅವರು ಹಿಂಜರಿಯುವುದು ಎಲ್ಲಿ? ಅದಕ್ಕೆ ನನ್ನ ತಾಯಿಯ ಸಂಗತಿಯನ್ನೇ ಹೇಳುತ್ತೇನೆ.

ಭಾರತ ಸರ್ಕಾರವು 1978ರ ಅಕ್ಟೋಬರ್ 2ರಂದು ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮವನ್ನು ಆರಂಭಿಸಿತು. ಮುಂದಿನ ಒಂದೆರಡು ವರ್ಷಗಳಲ್ಲಿ ನಮ್ಮ ಹಳ್ಳಿಯಲ್ಲಿಯೂ ರಾತ್ರಿಶಾಲೆ ನಡೆಯಿತು. ಹಗಲೆಲ್ಲ ಹೊಗೆಸೊಪ್ಪಿನ ಹೊಲದಲ್ಲಿ ದುಡಿದು ಬಂದ ತಾಯಿ, ಮಕ್ಕಳಿಗೆ ಉಣಬಡಿಸಿ, ಸ್ಲೇಟು ಹಿಡಿದು ಹೊರಡುತ್ತಿದ್ದಳು. ತನ್ನ ಹೆಸರಿನ ಒತ್ತಕ್ಷರ ಅವಳಿಗೆ ಒಂದು ತಿಂಗಳು ಒಲಿಯಲಿಲ್ಲ. ಕೊನೆಗೊಂದು ದಿನ ಸಹಕಾರ ಸಂಘದ ಪುಸ್ತಕದಲ್ಲಿ ಗುಮಾಸ್ತರು ಶಾಯಿಯ ಪೆಟ್ಟಿಗೆಯನ್ನು ಮುಂದಕ್ಕೆ ತಳ್ಳಿದಾಗ ಅದನ್ನು ಹಿಂದಕ್ಕೆ ಸರಿಸಿ, ಲೇಖನಿ ಕೇಳಿ ಸಹಿ ಹಾಕಿದಳು. ಆ ಸಹಿಯ ಕೊನೆಯ ಅಕ್ಷರ ಗೆರೆಯಿಂದ ಕೆಳಕ್ಕೆ ಜಾರಿತ್ತು. ಆದರೂ ಅಂದು ನಮ್ಮ ಮನೆಯಲ್ಲಿ ಪಾಯಸ ಮಾಡಿದ್ದು ನನಗೆ ನೆನಪಿದೆ. ಹೆಬ್ಬೆಟ್ಟು ಎಂಬ ಮಾತು ನಮ್ಮ ಕಡೆ ಬರಿಯ ಬೆರಳಿನ ಹೆಸರಲ್ಲ, ಅದೊಂದು ಬೈಗುಳ. ಆ ಬೈಗುಳದಿಂದ ಅವಳು ಅಂದು ಪಾರಾದಳು.

ಬೆರಳಚ್ಚಿನ ಚರಿತ್ರೆಯೂ ವಿಚಿತ್ರವಾದುದು. 1858ರಲ್ಲಿ ಬಂಗಾಳದಲ್ಲಿ ಅಧಿಕಾರಿಯಾಗಿದ್ದ ವಿಲಿಯಂ ಹರ್ಷೆಲ್ ಎಂಬಾತ ರಸ್ತೆಯ ಸಾಮಗ್ರಿ ಒದಗಿಸಲು ಒಪ್ಪಿದ ರಾಜ್ಯಧರ ಕೊನಾಯಿ ಎಂಬ ಗುತ್ತಿಗೆದಾರನಿಂದ ಕರಾರುಪತ್ರದ ಹಿಂಬದಿಯಲ್ಲಿ ಅಂಗೈಯ ಅಚ್ಚನ್ನು ಒತ್ತಿಸಿಕೊಂಡ. ಮುಂದೆ ಆತ ತನ್ನ ಸಹಿಯನ್ನು ಅಲ್ಲಗಳೆಯದಿರಲಿ ಎಂಬುದು ಹರ್ಷೆಲನ ಉದ್ದೇಶ. ಸಹಿಯ ಮೇಲಿನ ಅಪನಂಬಿಕೆಯಿಂದಲೇ ಬೆರಳಿನ ಸಾಕ್ಷ್ಯ ಹುಟ್ಟಿತೆನ್ನಬೇಕು. 1897ರಲ್ಲಿ ಕಲ್ಕತ್ತೆಯಲ್ಲಿ ಬೆರಳಚ್ಚಿನ ಕಾರ್ಯಾಲಯ ಸ್ಥಾಪಿತವಾದುದು ಅಪರಾಧಿಗಳನ್ನು ಗುರುತಿಸುವ ಸಲುವಾಗಿ. 2010ರಲ್ಲಿ ಆಧಾರ್ ಬಂದ ಮೇಲೆ ಆ ವಿದ್ಯೆ ಅಪರಾಧಿಗಳನ್ನು ದಾಟಿ ಎಲ್ಲರ ಬೆರಳಿಗೂ ಬಂದಿತು. ನ್ಯಾಯಬೆಲೆಯ ಅಂಗಡಿಯಲ್ಲಿ ಅಕ್ಕಿ ಪಡೆಯಲು ಬೆರಳನ್ನು ಗಾಜಿನ ಮೇಲೆ ಇಡಬೇಕಾಯಿತು. ಸತ್ತವರ ಹೆಸರಿನಲ್ಲಿ, ಇಲ್ಲದವರ ಹೆಸರಿನಲ್ಲಿ ಅಕ್ಕಿ ಸಾಗುವುದನ್ನು ತಡೆಯುವುದು ಇದರ ಗುರಿ. ಅದು ಒಳ್ಳೆಯ ಗುರಿಯೇ.

ಆದರೆ ನನ್ನ ತಾಯಿಯ ಬೆರಳು ಯಂತ್ರಕ್ಕೆ ಕಾಣಿಸಲಿಲ್ಲ. ವಯಸ್ಸಾದಂತೆ ಚರ್ಮ ಒಣಗಿ ಬಿಗಿ ಕಳೆದುಕೊಳ್ಳುತ್ತದೆ. ಮೈಮುರಿದು ದುಡಿದವರ ಬೆರಳಿನ ಗೆರೆಗಳು ಸವೆಯುತ್ತವೆ. ಹೊಗೆಸೊಪ್ಪು ಮುರಿಯುವವರ ಕೈಗೆ ಅಂಟಿಕೊಳ್ಳುವ ಕಪ್ಪು ಜಿಗುಟನ್ನು ಬೂದಿ ಹಾಕಿ ಉಜ್ಜಿ ತೆಗೆಯಬೇಕಾಗುತ್ತದೆ. ನಲವತ್ತು ವರ್ಷ ಹಾಗೆ ಉಜ್ಜಿದ ಬೆರಳಿನಲ್ಲಿ ಗೆರೆ ಎಲ್ಲಿ ಉಳಿಯಬೇಕು? ಹೆಬ್ಬೆರಳಾಯಿತು, ತೋರುಬೆರಳಾಯಿತು, ಎಡಗೈಯೂ ಆಯಿತು. ಯಂತ್ರ ಪ್ರತಿ ಸಲವೂ ಕೆಂಪು ಬೆಳಕು ತೋರಿತು. ಅಂಗಡಿಯಲ್ಲಿದ್ದ ಹುಡುಗ ಬೇಸರದಿಂದ, "ಅಜ್ಜೀ, ನಿಮ್ಮ ಬೆರಳೇ ಸರಿಯಿಲ್ಲ" ಎಂದ. ಆಗ ಅವಳು ಸೆರಗಿನಿಂದ ಕೈಯೊರಸಿಕೊಂಡು, "ಹಾಗಿದ್ದರೆ ಸಹಿ ಹಾಕುತ್ತೇನಪ್ಪಾ" ಎಂದಳು. ಸರದಿಯಲ್ಲಿ ನಿಂತವರು ನಕ್ಕರು. ಸಹಿ ಹಾಕಲು ಅಲ್ಲಿ ಪುಸ್ತಕವೇ ಇರಲಿಲ್ಲ.

ಅಕ್ಕಿ ಅವಳಿಗೆ ಆ ದಿನವೇ ಸಿಕ್ಕಿತು. ಬೆಂಗಳೂರಿನಲ್ಲಿರುವ ಮೊಮ್ಮಗನ ಮೊಬೈಲಿಗೆ ಬಂದ ಗುಟ್ಟಿನ ಅಂಕಿಯನ್ನು ಅವನು ಕರೆಮಾಡಿ ತಿಳಿಸಿದ. ಆದರೂ ಮನೆಗೆ ಬಂದವಳು ಎರಡು ದಿನ ಮಾತಾಡಲಿಲ್ಲ. "ಅಮ್ಮನಿಗೆ ಹೊಸ ಯಂತ್ರವೆಂದರೆ ಭಯ" ಎಂದು ಮನೆಯವರೆಲ್ಲ ತೀರ್ಮಾನಿಸಿದರು. ನಾನೂ ಅವರ ಜೊತೆ ತಲೆಯಾಡಿಸಿದೆನೆಂಬುದನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಅದು ಭಯವಲ್ಲ, ಅವಮಾನವೆಂದು ನನಗೆ ಹೊಳೆದದ್ದು ಬಹಳ ದಿನಗಳ ಮೇಲೆ. ದುಡಿದು ಸವೆದ ಬೆರಳನ್ನೇ ತಪ್ಪೆಂದರು. ಕಷ್ಟಪಟ್ಟು ಗಳಿಸಿದ ಅಕ್ಷರಕ್ಕೆ ಬೆಲೆಯಿಲ್ಲವೆಂದರು.

ನನ್ನ ಮಟ್ಟಿಗೆ ಇಲ್ಲಿ ಯಂತ್ರಕ್ಕಿಂತ ಅದನ್ನು ಇಟ್ಟುಕೊಂಡವರ ತಪ್ಪೇ ಹೆಚ್ಚು. ಬೆರಳು ಒಪ್ಪದಿದ್ದರೆ ಕಣ್ಣಿನ ಪಾಪೆಯಿಂದ ಗುರುತಿಸುವ ದಾರಿಯುಂಟು. ಪಿಂಚಣಿದಾರರು ತಾವು ಬದುಕಿರುವುದನ್ನು ತೋರಿಸಿಕೊಡಲು 2014ರಲ್ಲಿ ಬಂದ 'ಜೀವನ್ ಪ್ರಮಾಣ್' ಏರ್ಪಾಡಿಗೆ 2021ರಲ್ಲಿ ಮುಖವನ್ನು ಗುರುತಿಸುವ ಕ್ರಮವೂ ಸೇರಿತು. ಎಂದರೆ ಬೇರೆ ದಾರಿಗಳು ಇಲ್ಲದಿಲ್ಲ. ಅವನ್ನು ತಾಳ್ಮೆಯಿಂದ ತೆರೆದು ತೋರಿಸುವವರು ವಿರಳ. ನಮ್ಮೂರಿಗೆ ಸುಮಾರು 30 ಕಿಲೋಮೀಟರು ದೂರದ ಹಾಸನದಲ್ಲಿ 1982ರಿಂದ ಉಪಗ್ರಹಗಳ ನಿಯಂತ್ರಣ ಕೇಂದ್ರವಿದೆ. ಅಲ್ಲಿ ಕುಳಿತವರು 36,000 ಕಿಲೋಮೀಟರು ಎತ್ತರದ ಉಪಗ್ರಹ ಚೂರು ವಾಲಿದರೂ ಕಂಡುಹಿಡಿದು ಸರಿಪಡಿಸುತ್ತಾರೆ. ಅಷ್ಟು ಬಲ್ಲ ನಾಡಿನಲ್ಲಿ ಗೇಣುದೂರದಲ್ಲಿ ನಿಂತ ಮುದುಕಿಯನ್ನು ಗುರುತಿಸಲು ಆಗದೆಂದರೆ ಯಾರು ನಂಬುತ್ತಾರೆ?

ಹಿರಿಯರಲ್ಲಿಯೂ ಕುಂದಿಲ್ಲದಿಲ್ಲ. ತಿಳಿಯದಿರುವುದನ್ನೇ ದೊಡ್ಡಸ್ತಿಕೆಯೆಂದು ಬಗೆದು, ಎಲ್ಲ ಕೆಲಸವನ್ನೂ ಮೊಮ್ಮಕ್ಕಳಿಂದ ಮಾಡಿಸಿಕೊಂಡು, ಮತ್ತೆ ಅದೇ ಮೊಮ್ಮಕ್ಕಳನ್ನು ಮೊಬೈಲಿಗಾಗಿ ಬೈಯುವ ನಿವೃತ್ತರನ್ನು ನಾನು ಬಲ್ಲೆ. ಆದರೆ ಗುಂಡಿ ಒತ್ತುವ ಮೊದಲು ಹತ್ತು ಸಲ ಯೋಚಿಸುವ ಮುದುಕರನ್ನು ಅವರ ಸಾಲಿಗೆ ಸೇರಿಸಲಾಗದು. ಬ್ಯಾಂಕಿನವರೆಂದು ಹೇಳಿ ಕರೆಮಾಡಿ, ಗುಟ್ಟಿನ ಅಂಕಿ ಕೇಳಿ, ಜೀವಮಾನದ ಉಳಿತಾಯವನ್ನು ದೋಚುವ ವಂಚಕರಿರುವಾಗ ಹಿಂಜರಿಕೆ ವಿವೇಕವೇ. ಕಿರಿಯರು ಮಾಡುವುದಾದರೂ ಏನು? "ಕೊಡಿ ಇಲ್ಲಿ" ಎಂದು ಮೊಬೈಲನ್ನು ಕೈಯಿಂದ ಕಿತ್ತುಕೊಂಡು, ಎರಡು ಕ್ಷಣದಲ್ಲಿ ಕೆಲಸ ಮುಗಿಸಿ, ಹಿಂದಕ್ಕೆ ಕೊಡುತ್ತಾರೆ. ಕೆಲಸವಾಗುತ್ತದೆ, ಪಾಠವಾಗುವುದಿಲ್ಲ. ರಾತ್ರಿಶಾಲೆಯ ಮೇಷ್ಟ್ರು ನನ್ನ ತಾಯಿಯ ಕೈಯಿಂದ ಬಳಪ ಕಿತ್ತುಕೊಂಡು ಅವಳ ಹೆಸರನ್ನು ತಾವೇ ಬರೆದಿದ್ದರೆ ಅವಳು ಇಂದಿಗೂ ಸಹಿ ಕಲಿಯುತ್ತಿರಲಿಲ್ಲ.

ಕಳೆದ ಬೇಸಗೆಯ ರಜೆಯಲ್ಲಿ ನನ್ನ ಮಗಳು ಅಜ್ಜಿಗೆ ಮೊಬೈಲು ಕಲಿಸಲು ಕುಳಿತಳು. ದಿನಕ್ಕೆ ಒಂದೇ ಸಂಗತಿ. ಅದನ್ನು ಹಳೆಯ ನೋಟುಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಬರೆದಿಡುವುದು. ಮೊಬೈಲು ಮಾತ್ರ ಅಜ್ಜಿಯ ಕೈಯಲ್ಲಿಯೇ ಇರತಕ್ಕದ್ದು. ಪಾಠ ತಿಳಿದ ದಿನ ಅಜ್ಜಿ ಆ ಪುಟದ ಕೆಳಗೆ ಸಹಿ ಹಾಕಬೇಕೆಂಬುದು ಅವರಿಬ್ಬರೊಳಗಿನ ಕರಾರು. ಪುಸ್ತಕದಲ್ಲಿ ಈಗ ಹದಿನೇಳು ಸಹಿಗಳಿವೆ. ತಿಂಗಳ ಅಕ್ಕಿಗೆ ಹೊರಡುವಾಗ ತಾಯಿ ಒದ್ದೆ ಬಟ್ಟೆಯೊಂದನ್ನು ಜೊತೆಗಿಟ್ಟುಕೊಳ್ಳುತ್ತಾಳೆ; ಬೆರಳನ್ನು ಒರಸಿ ಇಟ್ಟರೆ ಒಮ್ಮೊಮ್ಮೆ ಯಂತ್ರ ಹಸಿರು ಬೆಳಕು ತೋರುವುದುಂಟು. ಅದೇ ಚೀಲದಲ್ಲಿ ಒಂದು ಲೇಖನಿಯನ್ನೂ ಇಟ್ಟಿರುತ್ತಾಳೆ. ಅದೇಕೆಂದು ನಾನು ಕೇಳಿಲ್ಲ.